ತಾರೆಯರ ಥಳುಕಿನ ಹಿಂದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ತಾರೆಯರ ಪ್ರೇಮ, ಮುನಿಸು, ಮೈಮಾಟ, ಉಡುಪು, ಇವುಗಳ ಬಗ್ಗೆ ಬಂದ ಪತ್ರಗಳಲ್ಲಿ ಬಹುಪಾಲು ‘ಇದು ನಿಜವೇ?’ ಎಂದೇ ಶುರುವಾಗಿವೆ. ‘ಯಾರು ಮಾಡಿದ್ದು, ಹೇಗೆ ಮಾಡಿದ್ದು?’ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ. ಹಾಗಾಗಿ ಕೆಲವು ಪ್ರಶ್ನೆಗಳನ್ನು ಸ್ವಲ್ಪ ಆ ಕಡೆಗೆ ತಿರುಗಿಸಿಕೊಂಡೇ ಉತ್ತರಿಸಿದ್ದೇವೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೋರಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾಯಕ-ನಾಯಕಿ ಗುಟ್ಟಾಗಿ ಸುತ್ತಾಡುತ್ತಿದ್ದಾರೆ ಎಂದು ಸುದ್ದಿ, ಜೊತೆಗೊಂದು ಫೋಟೊ. ಮುಂದಿನ ವಾರವೇ ಅವರ ಸಿನಿಮಾ ಬಿಡುಗಡೆ. ಬೆಂಕಿಯಿಲ್ಲದೆ ಹೊಗೆಯಾಡೀತೆ ಅಂತಾಳೆ ನನ್ನ ತಂಗಿ. ಆಡುತ್ತದೆಯೇ?

ಧಾರಾಳವಾಗಿ ಆಡುತ್ತದೆ. ಸಿನಿಮಾ ಸೆಟ್ಟಿನಲ್ಲಿ ಹೊಗೆ ಬಿಡಲು ಬೆಂಕಿ ಯಾಕೆ, ಒಂದು ಮಷೀನು ಸಾಕು.

ಇಂಥ ಸುದ್ದಿ ಕಂಡಾಗ ತಲೆಬರಹ ಬಿಟ್ಟು ಮೊದಲು ಫೋಟೊದ ಮೂಲೆ ನೋಡಿ. ತೆಗೆದವರ ಹೆಸರಿದೆಯೇ? ಇದ್ದರೆ ಅದು ಏಜೆನ್ಸಿಯದೋ, ತಾರೆಯದೇ ಖಾತೆಯದೋ? ಎರಡನೆಯದಾಗಿ ಕ್ಯಾಮೆರಾ ಎಲ್ಲಿ ನಿಂತಿತ್ತು ಎಂದು ಊಹಿಸಿ. ಗುಟ್ಟಾಗಿ ತೆಗೆದದ್ದಾದರೆ ಕಾರಿನ ಕಿಟಕಿ, ಗಿಡದ ಎಲೆ, ಯಾರದೋ ಭುಜ ಅಡ್ಡ ಬಂದಿರುತ್ತದೆ. ಇಬ್ಬರ ಮುಖಕ್ಕೂ ಸಮನಾಗಿ ಬೆಳಕು ಬಿದ್ದು, ಎದೆಮಟ್ಟದಲ್ಲಿ, ಎದುರಿನಿಂದಲೇ ತೆಗೆದಿದ್ದರೆ ‘ಇಷ್ಟು ಹೊತ್ತಿಗೆ ಇಲ್ಲಿಗೆ ಬನ್ನಿ’ ಎಂದು ಫೋಟೊಗ್ರಾಫರಿಗೆ ಮೊದಲೇ ಫೋನು ಹೋಗಿರಬಹುದು. ಮೂರನೆಯದು ಪಠ್ಯ. ‘ಆಪ್ತ ಮೂಲಗಳ ಪ್ರಕಾರ’ ಎಂಬ ಮಾತು ಎಷ್ಟು ಸಲ ಬಂದಿದೆ, ಹೆಸರಿಟ್ಟು ಮಾತಾಡಿದವರು ಎಷ್ಟು ಜನ ಎಂದು ಎಣಿಸಿ. ತಲೆಬರಹದ ತುದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ, ಖಚಿತವಾಗಿ ಹೇಳುವ ಧೈರ್ಯ ಬರೆದವರಿಗೇ ಇರಲಿಲ್ಲ ಎಂದುಕೊಳ್ಳಿ.

ಫೋಟೊ ಅಸಲಿಯೇ ಆಗಿದ್ದೂ ಸುಳ್ಳು ಹೇಳಬಹುದು. ಕ್ಯಾಮೆರಾದಿಂದ 3 ಮೀಟರ್ ದೂರದಲ್ಲಿ ಒಬ್ಬರು, ಅವರಿಗಿಂತ 2 ಮೀಟರ್ ಹಿಂದೆ ಇನ್ನೊಬ್ಬರು ನಿಂತಿದ್ದಾರೆ ಎನ್ನಿ. ಹಿಂದಿನವರ ತಲೆ ಮುಂದಿನವರದಕ್ಕಿಂತ ಸಾಕಷ್ಟು ಚಿಕ್ಕದಾಗಿ, ಶೇ 60ರಷ್ಟೇ ಕಾಣುತ್ತದೆ. ಅದೇ ಇಬ್ಬರನ್ನು 30 ಮೀಟರ್ ದೂರದಿಂದ ದೂರದ್ದನ್ನು ದೊಡ್ಡದಾಗಿ ತೋರಿಸುವ ಉದ್ದನೆಯ ಟೆಲಿ ಲೆನ್ಸಿನಲ್ಲಿ ತೆಗೆದರೆ ಶೇ 94ರಷ್ಟಾಗುತ್ತದೆ. ನಡುವೆ ಒಂದು ಮಂಚ ಹಿಡಿಸುವಷ್ಟು ಜಾಗವಿದ್ದರೂ ಕಿವಿಯಲ್ಲಿ ಪಿಸುಗುಟ್ಟುತ್ತಿರುವಂತೆ ಕಾಣುತ್ತಾರೆ. ಇದನ್ನು ಪತ್ತೆ ಮಾಡಲು ಪಾದ ನೋಡಬೇಕು. ಸಮತಟ್ಟಾದ ನೆಲದಲ್ಲಿ ಹಿಂದೆ ನಿಂತವರ ಪಾದ ಚಿತ್ರದಲ್ಲಿ ಮೇಲಿರುತ್ತದೆ. ಸೊಂಟದ ಕೆಳಗೆ ಕತ್ತರಿಸಿದ ಫೋಟೊ ಎಂದರೆ ಆ ಸಾಕ್ಷಿಯನ್ನೂ ಕತ್ತರಿಸಿದ್ದಾರೆ ಎಂದರ್ಥ.

ಈ ಆಟ ಹೊಸದಲ್ಲ. 1910ರ ಸುಮಾರಿಗೆ ಅಮೆರಿಕದಲ್ಲಿ ಕಾರ್ಲ್ ಲೆಮ್ಲೆ ಎಂಬ ನಿರ್ಮಾಪಕ ಫ್ಲಾರೆನ್ಸ್ ಲಾರೆನ್ಸ್ ಎಂಬ ನಟಿಯನ್ನು ತನ್ನ ಕಂಪನಿಗೆ ಸೆಳೆದುಕೊಂಡ. ಅಲ್ಲಿಯತನಕ ಜನರಿಗೆ ಆಕೆಯ ಮುಖ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಹಳೆಯ ಕಂಪನಿಯ ಹೆಸರಿನಲ್ಲೇ ‘ಬಯೋಗ್ರಾಫ್ ಹುಡುಗಿ’ ಎನ್ನುತ್ತಿದ್ದರು. ಆಕೆ ಅಪಘಾತದಲ್ಲಿ ಸತ್ತಳೆಂದು ಸುದ್ದಿ ಹಬ್ಬಿತು. ಹಿಂದೆಯೇ ಲೆಮ್ಲೆ ಜಾಹೀರಾತು ಕೊಟ್ಟು, ಅದು ವೈರಿಗಳು ಹಬ್ಬಿಸಿದ ಸುಳ್ಳು, ಆಕೆ ನಮ್ಮಲ್ಲೇ ಕ್ಷೇಮವಾಗಿದ್ದಾಳೆ ಎಂದು ಸಾರಿದ. ಸುದ್ದಿ ಹುಟ್ಟಿಸಿದ್ದೂ ಅವನ ಕಡೆಯವರೇ ಎಂಬುದು ಚಿತ್ರರಂಗದ ಇತಿಹಾಸಕಾರರ ಸಾಮಾನ್ಯ ತೀರ್ಮಾನ. ಏನೇ ಆಗಲಿ, ಹೆಸರಿಲ್ಲದ ನಟಿಗೆ ಹೆಸರು ಬಂತು, ನೋಡಲು ಜನ ಮುಗಿಬಿದ್ದರು.

ತಂಗಿಗೆ ಇಷ್ಟು ಹೇಳಿ: ಅವರಿಬ್ಬರ ನಡುವೆ ಏನಾದರೂ ಇರಲೂಬಹುದು. ಆದರೆ ಬಿಡುಗಡೆಯ ಹಿಂದಿನ ವಾರ ಬಂದ ಫೋಟೊ ಅದಕ್ಕೆ ಸಾಕ್ಷಿಯಲ್ಲ.

ಪ್ರಶ್ನೆ: ‘ಮೂರಕ್ಷರದ ನಟಿ, ವಿವಾಹಿತ ನಿರ್ದೇಶಕ’ ಎಂದು ಹೆಸರು ಹೇಳದೆ ಬರೆಯುತ್ತಾರಲ್ಲ, ಯಾಕೆ?

ಹೆಸರು ಹಾಕಿದರೆ ಕೋರ್ಟಿಗೆ ಹೋಗಬೇಕಾದೀತು, ಅದಕ್ಕೆ. ಆದರೆ ಹೆಸರಿಲ್ಲ ಎಂದಮಾತ್ರಕ್ಕೆ ಪಾರಾದಂತಲ್ಲ. ಓದಿದವರಿಗೆ ಇಂಥವರೇ ಎಂದು ಗೊತ್ತಾಗುವಂತಿದ್ದರೆ ಹಲವು ದೇಶಗಳಲ್ಲಿ ಮಾನನಷ್ಟದ ದಾವೆ ಹೂಡಬಹುದು. ಹಾಗಾಗಿ ಈ ವಿದ್ಯೆಯಲ್ಲಿ ಪಳಗಿದವರು ನಾಲ್ಕೈದು ಜನಕ್ಕೆ ಹೊಂದುವಂತೆ ಸುಳಿವು ಕೊಡುತ್ತಾರೆ. ನೀವು ನಿಮ್ಮ ಅನುಮಾನದವರನ್ನು, ಪಕ್ಕದವರು ಅವರ ಅನುಮಾನದವರನ್ನು ಅಲ್ಲಿ ಕೂರಿಸಿಕೊಳ್ಳುತ್ತೀರಿ. ಬರೆದವರು ಒಬ್ಬರ ಮೇಲೂ ಆರೋಪ ಮಾಡಿಲ್ಲ, ಆದರೆ ಐದು ಜನರ ಮಾನ ಹೋಯಿತು. ನಮ್ಮ ದೃಷ್ಟಿಯಲ್ಲಿ ಹೆಸರು ಹಾಕಿ ಬರೆಯುವುದಕ್ಕಿಂತ ಇದು ಕೀಳು ಕೆಲಸ.

ಪ್ರಶ್ನೆ: ಪ್ರಶಸ್ತಿ ಸಮಾರಂಭಗಳಲ್ಲಿ ನಟಿಯರು ತೊಡುವ ಆ ಗೌನುಗಳು ಜಾರದೆ ನಿಲ್ಲುವುದು ಹೇಗೆ? ನಾನೂ ಒಮ್ಮೆ ತೊಡಬೇಕು.

ಟೇಪು, ಹೊಲಿಗೆ ಮತ್ತು ಮೈಬಣ್ಣದ ನೆಟ್ ಬಟ್ಟೆ, ಈ ಮೂರರಿಂದ. ಬರಿ ಬೆನ್ನು, ಬರಿ ಪಕ್ಕೆ ಎಂದು ನೀವು ನೋಡುವ ಕಡೆ ಹಲವು ಸಲ ಚರ್ಮದ ಬಣ್ಣಕ್ಕೆ ಸರಿಹೊಂದಿಸಿದ ತೆಳು ನೆಟ್ ಇರುತ್ತದೆ. ಭುಜಪಟ್ಟಿ ಇಲ್ಲದ ಗೌನಿನ ಭಾರವನ್ನೆಲ್ಲ ಹೊರುವುದು ಒಳಗೆ ಹೊಲಿದ ಕಾರ್ಸೆಟ್, ಅಂದರೆ ಕಡ್ಡಿ ಸೇರಿಸಿದ ಬಿಗಿಯಾದ ಒಳಕುಪ್ಪಸ. ಅದರ ಕಡ್ಡಿಗಳು ಸೊಂಟದ ಮೇಲೆ ಕೂರುತ್ತವೆ. ಎದೆಯ ಅಂಚಿಗೆ ಒಳಗಡೆ ಸಿಲಿಕೋನ್ ಪಟ್ಟಿ. ಇಷ್ಟಾದ ಮೇಲೆ ಉಳಿದ ಚೂರುಪಾರು ಕೆಲಸ ಟೇಪಿನದು. ಟೇಪೊಂದನ್ನೇ ನಂಬಿ ಭಾರದ ಗೌನು ತೊಟ್ಟರೆ ಜಾರುವುದು ಖಂಡಿತ.

ಮೈಗೆ ಹಾಕಲೆಂದೇ ಮಾಡಿದ ಎರಡೂ ಬದಿ ಅಂಟಿನ ಫ್ಯಾಷನ್ ಟೇಪನ್ನೇ ಬಳಸಿ, ಕಾಗದ ಅಂಟಿಸುವ ಟೇಪು ಚರ್ಮ ಕಿತ್ತುಕೊಂಡು ಬರುತ್ತದೆ. ಹಿಂದಿನ ದಿನವೇ ಒಂದು ಚೂರನ್ನು ಒಳತೋಳಿಗೆ ಅಂಟಿಸಿ ತುರಿಕೆ, ಕೆಂಪು ಬರುತ್ತದೆಯೇ ನೋಡಿ. ತೊಡುವ ದಿನ ಆ ಜಾಗಕ್ಕೆ ಎಣ್ಣೆ, ಲೋಷನ್, ಪೌಡರ್ ಏನೂ ಸೋಕಬಾರದು. ಚರ್ಮ ತೊಳೆದು ಪೂರ್ತಿ ಒಣಗಿಸಿ. ಟೇಪನ್ನು ಸುಮಾರು 5 ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ. ಉದ್ದ ಪಟ್ಟಿ ಹಾಕಿದರೆ ಮೈ ಬಾಗಿದಾಗ ಅದು ಬಾಗದೆ ತುದಿಯಿಂದ ಬಿಟ್ಟುಕೊಳ್ಳುತ್ತದೆ. ಮೊದಲು ಬಟ್ಟೆಗೆ ಅಂಟಿಸಿ, ಗೌನು ತೊಟ್ಟು, ಕನ್ನಡಿ ಮುಂದೆ ಸಹಜವಾಗಿ ನಿಂತ ಮೇಲೆ ಇನ್ನೊಂದು ಬದಿಯ ಕಾಗದ ತೆಗೆದು ಹತ್ತೆಣಿಸುವವರೆಗೆ ಒತ್ತಿಹಿಡಿಯಿರಿ. ಉಸಿರು ಬಿಗಿಹಿಡಿದು ಅಂಟಿಸಿದರೆ ಉಸಿರು ಬಿಟ್ಟಾಗ ಎಳೆಯುತ್ತದೆ. ಆಮೇಲೆ ಕೂತು, ಎದ್ದು, ಕೈ ಮೇಲೆತ್ತಿ ನೋಡಿ. ಮಣಿ, ಚಮಕಿ ಕೂರಿಸಿದ ಬಟ್ಟೆಯ ಒರಟು ಬದಿಗೆ ಟೇಪು ಹಿಡಿಯುವುದಿಲ್ಲ, ಅಲ್ಲಿ ಸಣ್ಣ ರೇಷ್ಮೆ ಅಥವಾ ಹತ್ತಿ ಪಟ್ಟಿ ಹೊಲಿದು ಅದರ ಮೇಲೆ ಅಂಟಿಸಬೇಕು. ಟೇಪಿನ ದೊಡ್ಡ ಶತ್ರು ಬೆವರು. ಕುಣಿಯುವ ಕಾರ್ಯಕ್ರಮವಾದರೆ ಹೆಚ್ಚಿನ ತುಂಡುಗಳು ಕೈಚೀಲದಲ್ಲಿರಲಿ. ಬಿಚ್ಚುವಾಗ ಅಂಚಿಗೆ ಎಣ್ಣೆ ಸವರಿ ಎರಡು ನಿಮಿಷ ಬಿಟ್ಟು, ಚರ್ಮಕ್ಕೆ ಒರಗಿಸಿದಂತೆ ನಿಧಾನವಾಗಿ ಸುಲಿಯಿರಿ.

ಪ್ರಸಂಗಕ್ಕೆ ಬಂತು ಅಂತ: 2000ದ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭಕ್ಕೆ ಗಾಯಕಿ-ನಟಿ ಜೆನ್ನಿಫರ್ ಲೋಪೆಜ್ ತೊಟ್ಟುಬಂದ, ಹೊಕ್ಕುಳವರೆಗೆ ಸೀಳಿದ ಹಸಿರು ವರ್ಸಾಚೆ ಗೌನನ್ನು ಜನ ಗೂಗಲ್‌ನಲ್ಲಿ ಹುಡುಕಿದ್ದೇ ಹುಡುಕಿದ್ದು. ಆಗ ಅದು ತೋರಿಸುತ್ತಿದ್ದದ್ದು ಬರೀ ಅಕ್ಷರ. ಮುಂದಿನ ವರ್ಷ ಶುರುವಾದ ಗೂಗಲ್‌ನ ಚಿತ್ರ ಹುಡುಕಾಟಕ್ಕೆ ಆ ಗೌನೇ ಪ್ರೇರಣೆ ಎಂದು ಕಂಪನಿಯ ಮುಖ್ಯಸ್ಥರಾಗಿದ್ದ ಎರಿಕ್ ಸ್ಮಿತ್ 2015ರಲ್ಲಿ ಬರೆದರು.

ಪ್ರಶ್ನೆ: ಮರ್ಲಿನ್ ಮನ್ರೋಳ ಬಿಳಿ ಸ್ಕರ್ಟು ಗಾಳಿಗೆ ಹಾರುವ ಫೋಟೊ ಆಕಸ್ಮಿಕವಾಗಿ ಸಿಕ್ಕಿದ್ದಂತೆ, ಹೌದೇ?

ಅಲ್ಲವೇ ಅಲ್ಲ. 1954ರ ಸೆಪ್ಟೆಂಬರ್ 15ರ ನಡುರಾತ್ರಿ, ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂ, 52ನೇ ಬೀದಿಯ ಹತ್ತಿರ, ‘ದ ಸೆವೆನ್ ಇಯರ್ ಇಚ್’ ಸಿನಿಮಾದ ಚಿತ್ರೀಕರಣಕ್ಕೆ ನೆಲದಡಿ ರೈಲಿನ ಜಾಲರಿಯ ಮೇಲೆ ಆಕೆಯನ್ನು ನಿಲ್ಲಿಸಿದರು. ಗಾಳಿ ರೈಲಿನದಲ್ಲ, ಜಾಲರಿಯ ಕೆಳಗಿಟ್ಟ ದೊಡ್ಡ ಫ್ಯಾನಿನದು. ಪತ್ರಿಕೆಯವರಿಗೆ ಮುಂಚೆಯೇ ಸುದ್ದಿ ಹೋಗಿತ್ತು. ಫೋಟೊಗ್ರಾಫರುಗಳೂ ನೋಡುವ ಜನರೂ ಕಿಕ್ಕಿರಿದು ನಿಂತರು. ಅದೇ ದೃಶ್ಯವನ್ನು ಮತ್ತೆ ಮತ್ತೆ ತೆಗೆಯುವಾಗ ಪ್ರತಿ ಸಲವೂ ಜನ ಕೂಗುತ್ತಿದ್ದರು. ಆ ಗದ್ದಲದಲ್ಲಿ ತೆಗೆದದ್ದು ಕೆಲಸಕ್ಕೆ ಬರದೆ ನಿರ್ದೇಶಕ ಬಿಲ್ಲಿ ವೈಲ್ಡರ್ ಸ್ಟುಡಿಯೋದಲ್ಲಿ ಬೀದಿಯ ಸೆಟ್ ಹಾಕಿಸಿ ಮತ್ತೆ ಚಿತ್ರೀಕರಿಸಬೇಕಾಯಿತು. ಅಂದರೆ ಆ ರಾತ್ರಿ ಸಿನಿಮಾಕ್ಕೆ ದಂಡ, ಪ್ರಚಾರಕ್ಕೆ ಹಬ್ಬ.

ಗುಂಪಿನಲ್ಲಿ ಆಕೆಯ ಗಂಡ ಜೋ ಡಿಮಾಜಿಯೋ ಕೂಡ ಇದ್ದರು, ಬೇಸ್‌ಬಾಲಿನ ದೊಡ್ಡ ಆಟಗಾರ. ಅವರಿಗೆ ಇದು ಸರಿಬರಲಿಲ್ಲ. ಮುಂದಿನ ತಿಂಗಳೇ ಮರ್ಲಿನ್ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ವಿಲಿಯಂ ಟ್ರವಿಲ್ಲಾ ವಿನ್ಯಾಸ ಮಾಡಿದ ಆ ಉಡುಪು 2011ರ ಹರಾಜಿನಲ್ಲಿ 46 ಲಕ್ಷ ಡಾಲರಿಗೆ ಹೋಯಿತು, ಹರಾಜಿನವರ ಕಮಿಷನ್ ಬೇರೆ.

ಪ್ರಶ್ನೆ: ಆಕರ್ಷಣೆ ಹುಟ್ಟಿನಿಂದ ಬರುವುದೋ, ಕಲಿತು ಬರುವುದೋ? ಕೆಲವರು ಕ್ಯಾಮೆರಾ ಕಡೆ ನೋಡಿದರೆ ಸಾಕು, ಎದೆ ಝಲ್ಲೆನ್ನುತ್ತದೆ.

ರೂಪ ಹುಟ್ಟಿನಿಂದ ಬಂದೀತು, ಆ ನೋಟ ಮಾತ್ರ ಬಹುಪಾಲು ಕೆಲಸ. ಹಾಲಿವುಡ್ ನಟಿ ಲಾರೆನ್ ಬಕಾಲ್ ಕತೆ ಕೇಳಿ. 1944ರಲ್ಲಿ ಮೊದಲ ಸಿನಿಮಾ, ವಯಸ್ಸು 19, ಎದುರಿಗೆ ಹೆಸರಾಂತ ನಟ ಹಂಫ್ರಿ ಬೊಗಾರ್ಟ್. ಹೆದರಿಕೆಗೆ ತಲೆ ಗಡಗಡ ನಡುಗುತ್ತಿತ್ತು. ನಡುಕ ನಿಲ್ಲಿಸಲು ಗದ್ದವನ್ನು ಎದೆಯ ಕಡೆಗೆ ತಗ್ಗಿಸಿ, ಕಣ್ಣು ಮಾತ್ರ ಮೇಲೆತ್ತಿ ನೋಡಿದಳು. ಅದೇ ಜಗತ್ಪ್ರಸಿದ್ಧ ‘ನೋಟ’ವಾಯಿತು. ಆ ತಗ್ಗು ದನಿಯೂ ನಿರ್ದೇಶಕ ಹೊವರ್ಡ್ ಹಾಕ್ಸ್ ಹೇಳಿದಂತೆ ದಿನಾ ಗಟ್ಟಿಯಾಗಿ ಓದಿ ಓದಿ ಪಳಗಿಸಿದ್ದು. ನೋಡುವವರಿಗೆ ಕಂಡದ್ದು ಮಾದಕತೆ, ಒಳಗಿದ್ದದ್ದು ಪುಕ್ಕಲು.

ಬೆಳಕಿನ ಪಾಲೂ ದೊಡ್ಡದು. ಹಳೆಯ ಹಾಲಿವುಡ್ ಭಾವಚಿತ್ರಗಳಲ್ಲಿ, ಮುಖ್ಯವಾಗಿ ನಟಿ ಮರ್ಲೀನ್ ಡೀಟ್ರಿಶ್‌ಳ ಚಿತ್ರಗಳಲ್ಲಿ, ಮೂಗಿನ ಕೆಳಗೆ ಚಿಟ್ಟೆಯಾಕಾರದ ಸಣ್ಣ ನೆರಳಿರುತ್ತದೆ, ಗಮನಿಸಿ. ಒಂದೇ ದೀಪವನ್ನು ಮುಖದ ನೇರಕ್ಕೆ, ತಲೆಗಿಂತ ಎತ್ತರದಲ್ಲಿಟ್ಟು ಕೆಳಗೆ ಬಾಗಿಸಿದರೆ ಆ ನೆರಳು ಬೀಳುತ್ತದೆ. ಕೆನ್ನೆಯ ಕೆಳಗೆ ತಗ್ಗು ಮೂಡಿ ಮೂಳೆ ಎದ್ದು ಕಾಣುತ್ತದೆ. ನೆರಳು ಮೇಲ್ದುಟಿ ಮುಟ್ಟಿದರೆ ದೀಪ ಜಾಸ್ತಿ ಮೇಲೆ ಹೋಗಿದೆ ಎಂದರ್ಥ, ಕಣ್ಣಿನ ಗುಳಿಯೂ ಕಪ್ಪಾಗುತ್ತದೆ. ನೆರಳೇ ಇಲ್ಲದಿದ್ದರೆ ತೀರಾ ಕೆಳಗಿದೆ, ಮುಖ ಚಪ್ಪಟೆ. ಮನೆಯಲ್ಲಿ ಒಂದು ಟೇಬಲ್ ಲ್ಯಾಂಪಿನಿಂದಲೂ ಮಾಡಿ ನೋಡಬಹುದು.

ಪ್ರಶ್ನೆ: ನನ್ನ ತಮ್ಮನಿಗೆ 22. ಒಬ್ಬ ನಟಿಯ ಗೀಳು ಹಿಡಿದಿದೆ. ದಿನವಿಡೀ ಅವಳದೇ ವಿಡಿಯೊ. ಮೊನ್ನೆ ‘ಲೈವ್‌ನಲ್ಲಿ ನೀಲಿ ಅಂಗಿ ಹಾಕಿದ್ದು ನನಗೆ ಸನ್ನೆ ಮಾಡಲಿಕ್ಕೇ’ ಎಂದ. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ ಅಕ್ಕಾ, ಅವನ್ನು ಬಿಡಿಸಿ ನೋಡೋಣ.

ಗೀಳು ವಿಚಿತ್ರವೇನಲ್ಲ. ತೆರೆಯ ಮೇಲಿನವರು ನಮ್ಮ ಕಣ್ಣಿಗೆ ಕಣ್ಣಿಟ್ಟು ಮಾತಾಡಿದಾಗ ಮನಸ್ಸು ಅದನ್ನು ಪರಿಚಯವೆಂದೇ ಲೆಕ್ಕ ಹಾಕುತ್ತದೆ. ಟಿವಿ ಹೊಸದಾಗಿದ್ದ ಕಾಲದಲ್ಲೇ, 1956ರಲ್ಲಿ, ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು ಈ ಒಮ್ಮುಖ ನಂಟಿಗೆ ‘ಪ್ಯಾರಾಸೋಷಿಯಲ್’ ಎಂದು ಹೆಸರಿಟ್ಟರು. ಈಗಿನ ಲೈವ್, ಸ್ಟೋರಿಗಳಲ್ಲಿ ನಟಿ ಮಲಗುವ ಕೋಣೆಯಿಂದಲೇ ‘ಹಾಯ್’ ಎನ್ನುವಾಗ ನಂಟು ಇನ್ನೂ ಬೇಗ ಬಿಗಿಯುತ್ತದೆ. ಚೆಲುವು ಕಂಡರೆ ಒಳ್ಳೆಯತನವನ್ನೂ ನಾವೇ ಸೇರಿಸಿಕೊಳ್ಳುತ್ತೇವೆ. 1920ರಲ್ಲೇ ಎಡ್ವರ್ಡ್ ಥಾರ್ನ್‌ಡೈಕ್ ಸೈನ್ಯದಲ್ಲಿ ಇದನ್ನು ಗುರುತಿಸಿದ್ದರು: ಮೈಕಟ್ಟು ಚೆನ್ನಾಗಿದ್ದವರಿಗೆ ಮೇಲಧಿಕಾರಿಗಳು ಬುದ್ಧಿಗೂ ನಡತೆಗೂ ಹೆಚ್ಚು ಅಂಕ ಕೊಡುತ್ತಿದ್ದರು.

ಇಷ್ಟಕ್ಕೇ ನಿಂತರೆ ಮನೆಮದ್ದು ಸಾಕು. ಫೋನಿನಲ್ಲಿ ಯಾವ ಆ್ಯಪಿಗೆ ಎಷ್ಟು ಹೊತ್ತು ಹೋಗಿದೆ ಎಂಬ ಲೆಕ್ಕ ಸಿಗುತ್ತದೆ, ಅವನೇ ಒಂದು ವಾರ ಬರೆದಿಡಲಿ. ಎರಡನೇ ವಾರ ಆಕೆಯ ಖಾತೆಯ ನೋಟಿಫಿಕೇಷನ್ ಮಾತ್ರ ಆಫ್. ಮೂರನೇ ವಾರ ರಾತ್ರಿ ಫೋನು ಮಲಗುವ ಕೋಣೆಯಿಂದ ಹೊರಗೆ. ಒಂದೇ ಏಟಿಗೆ ಎಲ್ಲ ಬಂದ್ ಮಾಡಿಸಬೇಡಿ, ಕದ್ದು ನೋಡುವುದು ಶುರುವಾಗುತ್ತದೆ. ಗೇಲಿಯನ್ನಂತೂ ಮಾಡಲೇಬೇಡಿ, ಮನೆಯಲ್ಲಿ ನಕ್ಕರೆ ಅವನಿಗೆ ‘ಅವಳೊಬ್ಬಳೇ ನನ್ನವಳು’ ಎನಿಸುತ್ತದೆ.

ಎರಡನೆಯದು, ಆ ನೀಲಿ ಅಂಗಿ. ಅದನ್ನು ತಮಾಷೆಗೆ ಹೇಳಿದ್ದರೆ ಬಿಡಿ. ನಿಜವಾಗಿ ನಂಬಿದ್ದರೆ ಅದು ಗೀಳಿನ ಗಡಿ ದಾಟಿದೆ. ದೊಡ್ಡ ವ್ಯಕ್ತಿಯೊಬ್ಬರು ತನ್ನನ್ನು ಪ್ರೀತಿಸುತ್ತಿದ್ದಾರೆ, ಗುಟ್ಟಾಗಿ ಸನ್ನೆ ಕಳಿಸುತ್ತಿದ್ದಾರೆ ಎಂಬ ಅಲುಗದ ನಂಬಿಕೆಯನ್ನು ಫ್ರೆಂಚ್ ಮನೋವೈದ್ಯ ಕ್ಲೆರಾಂಬೊ 1921ರಲ್ಲಿ ವಿವರಿಸಿದ್ದಾರೆ. ವೈದ್ಯರು ಎರೊಟೊಮೇನಿಯಾ ಎನ್ನುತ್ತಾರೆ. ವಾದ ಮಾಡಿ ಇದನ್ನು ಗೆಲ್ಲಲಾಗದು, ‘ಅವಳು ಮದುವೆಯಾದಳಲ್ಲೋ’ ಎಂದರೆ ‘ಅದೂ ಒಂದು ಸನ್ನೆ’ ಎಂಬ ಉತ್ತರ ಬರುತ್ತದೆ. ‘ಸರಿಯಾಗಿ ನಿದ್ದೆ ಮಾಡ್ತಿಲ್ಲ ನೀನು, ಡಾಕ್ಟರಿಗೆ ತೋರಿಸೋಣ’ ಎಂದು ನಿದ್ದೆಯ ನೆಪದಲ್ಲಾದರೂ ಮನೋವೈದ್ಯರ ಬಳಿ ಕರೆದೊಯ್ಯಿರಿ. ಮನೆ ವಿಳಾಸ ಹುಡುಕುವುದು, ಉಡುಗೊರೆಗೆ ಸಾಲ ಮಾಡುವುದು, ಆಕೆಯ ಊರಿಗೆ ಟಿಕೆಟ್ ತೆಗೆಸುವುದು, ಆಕೆಯ ಗೆಳೆಯನ ಮೇಲೆ ಸಿಟ್ಟು, ಇವುಗಳಲ್ಲಿ ಒಂದು ಕಂಡರೂ ತಡಮಾಡಬೇಡಿ.

ಪ್ರಶ್ನೆ: ಮಗಳಿಗೆ 14. ನಟಿಯರ ಫೋಟೊ ನೋಡಿ ನೋಡಿ ‘ನನ್ನ ಮೂಗು ದಪ್ಪ’ ಎಂದು ಕೊರಗುತ್ತಾಳೆ. ಏನು ಹೇಳಲಿ?

ಹೇಳಬೇಡಿ, ಮಾಡಿ ತೋರಿಸಿ. ಅವಳ ಮುಖದಿಂದ 30 ಸೆಂಟಿಮೀಟರ್ ದೂರದಲ್ಲಿ ಫೋನು ಹಿಡಿದು ಒಂದು ಸೆಲ್ಫಿ. ಆಮೇಲೆ ನೀವು 1.5 ಮೀಟರ್ ದೂರ ನಿಂತು, ಮುಖ ಅಷ್ಟೇ ದೊಡ್ಡದಾಗಿ ಬರುವಂತೆ ಜೂಮ್ ಮಾಡಿ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಡಿ. ಸೆಲ್ಫಿಯಲ್ಲಿ ಮೂಗು ಹತ್ತಿರ ಹತ್ತಿರ ಶೇ 30ರಷ್ಟು ಅಗಲ ಕಾಣುತ್ತದೆ ಎಂದು 2018ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಲೆಕ್ಕಾಚಾರ ಹೇಳಿದೆ. ಅವಳು ಹೋಲಿಸುತ್ತಿರುವುದು ತನ್ನ ಸೆಲ್ಫಿಯನ್ನು, ದೂರದಿಂದ ದೊಡ್ಡ ಲೆನ್ಸಿನಲ್ಲಿ ತೆಗೆದ ನಟಿಯ ಫೋಟೊದ ಜೊತೆ.

ಆಮೇಲೆ ತಿದ್ದುವ ಕೆಲಸವನ್ನೂ ಅವಳ ಕೈಯಲ್ಲೇ ಮಾಡಿಸಿ. ಅವಳದಲ್ಲ, ನಿಮ್ಮ ಫೋಟೊ ಕೊಡಿ. ಸೊಂಟ ಒಳಗೆ ತಳ್ಳುವಾಗ ಹಿಂದಿನ ಬಾಗಿಲ ಚೌಕಟ್ಟೂ ಬಾಗುವುದನ್ನು ಒಮ್ಮೆ ಕಂಡವಳು ಮುಂದೆ ಎಲ್ಲ ಫೋಟೊಗಳಲ್ಲೂ ಮೊದಲು ಬಾಗಿಲನ್ನೇ ನೋಡುತ್ತಾಳೆ.

ಊಟ ಬಿಡುವುದು, ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಮುಟ್ಟು ನಿಲ್ಲುವುದು ಕಂಡರೆ ಮಾತ್ರ ಇಂಥ ಆಟಗಳನ್ನು ಬಿಟ್ಟು ನೇರ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ಒಬ್ಬ ನಟಿಯ ‘ಖಾಸಗಿ ವಿಡಿಯೊ’ ಗ್ರೂಪಿನಲ್ಲಿ ಬಂದಿದೆ. ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?

ನಿಧಾನಗತಿಯಲ್ಲಿ ಓಡಿಸಿದಾಗ ಕೈ ಮುಖದ ಮುಂದೆ ಹಾದುಹೋಗುವ ಕ್ಷಣ ಮುಖ ಕದಡಬಹುದು. ಕಿವಿಯೋಲೆ ಒಂದು ಬದಿ ಮಾಯವಾಗಬಹುದು. ಕತ್ತಿನ ಬಣ್ಣಕ್ಕೂ ಕೆನ್ನೆಯ ಬಣ್ಣಕ್ಕೂ ತಾಳೆಯಾಗದಿರಬಹುದು. ಕಣ್ಣು ಮಿಟುಕಿಸದಿದ್ದರೆ ನಕಲಿ ಎಂಬ ಹಳೆಯ ಸೂತ್ರ ಈಗ ಕೆಲಸಕ್ಕೆ ಬಾರದು.

ಆದರೆ ತಿಳಿದು ಮಾಡುವುದೇನು? ನಕಲಿಯಾದರೆ ಆಕೆಯ ಮುಖ ಕದ್ದಿದ್ದಾರೆ, ಅಸಲಿಯಾದರೆ ಆಕೆಯ ವಿಡಿಯೊ ಕದ್ದಿದ್ದಾರೆ. 2024ರ ಜನವರಿಯಲ್ಲಿ ಗಾಯಕಿ ಟೇಲರ್ ಸ್ವಿಫ್ಟ್‌ಳ ಎಐ ನಕಲಿ ಚಿತ್ರಗಳ ಒಂದೇ ಪೋಸ್ಟ್ 4 ಕೋಟಿಗೂ ಹೆಚ್ಚು ಸಲ ವೀಕ್ಷಣೆಯಾಯಿತು. ಕೊನೆಗೆ ಎಕ್ಸ್ ಜಾಲತಾಣ ಆಕೆಯ ಹೆಸರಿನ ಹುಡುಕಾಟವನ್ನೇ ಕೆಲದಿನ ತಡೆಯಬೇಕಾಯಿತು. 2014ರಲ್ಲಿ ಹಲವು ಹಾಲಿವುಡ್ ನಟಿಯರ ಅಸಲಿ ಚಿತ್ರಗಳು ಸೋರಿದ್ದು ದೊಡ್ಡ ತಾಂತ್ರಿಕ ಪವಾಡದಿಂದಲ್ಲ, ಆ್ಯಪಲ್, ಗೂಗಲ್ ಕಂಪನಿಯವರದೇ ಎಂಬಂತೆ ಕಳಿಸಿದ ನಕಲಿ ಇಮೇಲ್‌ಗೆ ಪಾಸ್‌ವರ್ಡ್ ಕೊಟ್ಟಿದ್ದರಿಂದ. ನಿಮ್ಮ ಖಾತೆಗೆ ಎರಡು ಹಂತದ ದೃಢೀಕರಣ ಹಾಕಿಕೊಳ್ಳಲು ಇದಕ್ಕಿಂತ ಒಳ್ಳೆ ನೆಪ ಬೇಡ.

ವಿಡಿಯೊವನ್ನು ಮುಂದಕ್ಕೆ ಕಳಿಸಬೇಡಿ, ‘ನೋಡಿ ಎಂಥ ಅನ್ಯಾಯ’ ಎಂಬ ಒಕ್ಕಣೆಯೊಂದಿಗೂ ಬೇಡ. ಆ ಸಂದೇಶವನ್ನೇ ರಿಪೋರ್ಟ್ ಮಾಡಿ, ಅಳಿಸಿ, ಗ್ರೂಪಿನ ಅಡ್ಮಿನ್‌ಗೆ ಹೇಳಿ. ತಂತಾನೇ ಡೌನ್‌ಲೋಡ್ ಆಗುವ ಸೆಟಿಂಗ್ ಇದ್ದರೆ ಗ್ಯಾಲರಿಯಲ್ಲೂ ಪ್ರತಿ ಉಳಿದಿರುತ್ತದೆ, ಅದನ್ನೂ ತೆಗೆಯಿರಿ. ತಾರೆಯಲ್ಲದ, ನಿಮ್ಮ ಪರಿಚಯದವರಿಗೇ ಹೀಗಾದರೆ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ತಾಣವಿದೆ. 18 ದಾಟಿದ ಸಂತ್ರಸ್ತರು ಚಿತ್ರವನ್ನು ಅಪ್‌ಲೋಡ್ ಮಾಡದೆಯೇ ತಮ್ಮ ಫೋನಿನಲ್ಲೇ ಅದರ ಡಿಜಿಟಲ್ ಗುರುತು ತಯಾರಿಸಿ ಕಳಿಸಬಹುದು. ಒಪ್ಪಿಕೊಂಡಿರುವ ಜಾಲತಾಣಗಳು ಅದಕ್ಕೆ ತಾಳೆಯಾಗುವ ಚಿತ್ರವನ್ನು ತಡೆಯುತ್ತವೆ. ಹದಿನೆಂಟರೊಳಗಿನವರಿಗೆ ‘ಟೇಕ್ ಇಟ್ ಡೌನ್’ ಎಂಬ ಇಂಥದೇ ಸೇವೆ ಇದೆ. ಚಿತ್ರವನ್ನು ಕತ್ತರಿಸಿ, ತಿದ್ದಿ ಹಾಕಿದರೆ ಗುರುತು ತಾಳೆಯಾಗದೆ ಹೋಗಬಹುದು, ಹಾಗಾಗಿ ಸಿಕ್ಕ ಪ್ರತಿ ರೂಪಕ್ಕೂ ಬೇರೆ ಬೇರೆ ಗುರುತು ಮಾಡಬೇಕು.

ಪ್ರಶ್ನೆ: ನಟಿಯರು ಕಾಲಿಗೆ ಕೋಟಿಗಟ್ಟಲೆ ವಿಮೆ ಮಾಡಿಸುತ್ತಾರಂತೆ. ಕಾಲಿನ ಚೆಂದ ಹೋದರೆ ದುಡ್ಡು ಕೊಡುತ್ತಾರೆಯೇ?

ಚೆಂದಕ್ಕೆ ಯಾರೂ ವಿಮೆ ಕೊಡುವುದಿಲ್ಲ, ಅದನ್ನು ಅಳೆಯುವವರು ಯಾರು? ಕರಾರಿನಲ್ಲಿ ಬರೆದ ಗಾಯ, ಅಂಗನಷ್ಟ, ಕೆಲಸಕ್ಕೆ ಹೋಗಲಾಗದ ದಿನಗಳು, ಇವಕ್ಕೆ ಮಾತ್ರ ಹಣ. 1940ರ ದಶಕದಲ್ಲಿ ಬೆಟಿ ಗ್ರೇಬಲ್‌ಳ ಕಾಲಿಗೆ ಸ್ಟುಡಿಯೋ ಲಂಡನ್ನಿನ ವಿಮಾ ಮಾರುಕಟ್ಟೆ ಲಾಯ್ಡ್ಸ್‌ನಲ್ಲಿ 10 ಲಕ್ಷ ಡಾಲರ್ ವಿಮೆ ಮಾಡಿಸಿತು. ಸ್ಟುಡಿಯೋಗೆ ಬೇಕಿದ್ದದ್ದು ಪರಿಹಾರವಲ್ಲ, ‘ಮಿಲಿಯನ್ ಡಾಲರ್ ಕಾಲು’ ಎಂಬ ತಲೆಬರಹ. ನಮಗೆ ಇಷ್ಟವಾದದ್ದು ಮೂಕಿ ಚಿತ್ರಗಳ ಹಾಸ್ಯನಟ ಬೆನ್ ಟರ್ಪಿನ್‌ದು. ಆತನ ಮಾಲುಗಣ್ಣೇ ಆತನ ಅನ್ನ. 25,000 ಡಾಲರಿನ ವಿಮೆ ಮಾಡಿಸಿದ್ದನಂತೆ. ಕಣ್ಣು ನೆಟ್ಟಗಾದರೆ ಹಣ ಕೊಡಬೇಕು ಎಂಬುದು ಕರಾರು.